ಬಸವನಹುಳು ಮೇಡಂ

ನ್ಯಾಮತಿಯ ಹೈಸ್ಕೂಲಿಗೆ ನಾನು ಡ್ರಾಯಿಂಗ್ ಮೇಷ್ಟರಾಗಿ ಹಾಜರಾದ ದಿನ, ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಒಬ್ಬ ಹೆಂಗಸು ಕಲ್ಲು ನೆಕ್ಕುತ್ತ ಕೂತಿದ್ದರು. ಕಿರುಬೆರಳಿನಷ್ಟು ಉದ್ದದ, ತಿರುಪಿನ ಮೊಳೆಯ ಹಾಗೆ ಸುತ್ತಿಕೊಂಡ ಕಲ್ಲು. ಅದಕ್ಕೆ ನಾಲಿಗೆಯ ತುದಿ ತಾಗಿಸುವುದು, ಬೆಳಕಿಗೆ ಓರೆಯಾಗಿ ಹಿಡಿಯುವುದು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ನೋಡುವುದು, ಮತ್ತೆ ನಾಲಿಗೆ ತಾಗಿಸುವುದು. ಉಳಿದ ಮೇಷ್ಟರುಗಳು ಇದರಲ್ಲಿ ಹೊಸದೇನೂ ಇಲ್ಲವೆಂಬಂತೆ ತಮ್ಮ ಪಾಡಿಗೆ ಹಾಜರಿ ಪುಸ್ತಕ ತಿರುವುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಹೊಸ ಡ್ರಾಯಿಂಗ್ ಮೇಷ್ಟ್ರೇನ್ರಿ? ಬರ್ರಿ, ಕೂತ್ಕಳ್ರಿ,” ಎಂದರು ಅವರು, ಕಣ್ಣಿನಿಂದ ಭೂತಗನ್ನಡಿ ತೆಗೆಯದೆ. “ಗಾಬರಿ ಆಗಬ್ಯಾಡ್ರಿ. ನೀರಾಗೆ ಅದ್ದಿದ್ರೆ ಪೂರಾ ಒದ್ದೆಯಾಗಿ ಹೊಳಪು ಬಂದ್ಬಿಡ್ತೈತೆ, ಗೀರು ಕಾಣಲ್ಲ. ಎಂಜಲಾದ್ರೆ ಎಷ್ಟು ಬೇಕೋ ಅಷ್ಟೇ.”

ಆಮೇಲೆ ಆ ಕಲ್ಲನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ಅದು ಕಲ್ಲಾಗಿ ಹೋದ ಬಸವನಹುಳು. ಸಮುದ್ರದ್ದು. ಏಳು ಕೋಟಿ ವರ್ಷಕ್ಕೂ ಹಳೆಯದು. ನಾನು ನಕ್ಕೆ. ಅವರು ನಗಲಿಲ್ಲ.

ಅವರು ತೀರಿಕೊಂಡು ಈಗ ಎರಡು ವರ್ಷ. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅಚ್ಚಾಗಬೇಕಾಗಿದ್ದ ಜಾಗ ಬೇರೆಯಿತ್ತು. ಅಲ್ಲಿ ಆಗದೇ ಹೋದದ್ದು ಇಲ್ಲಿ ಆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳು ಅವರನ್ನು ಬಸವನಹುಳು ಮೇಡಂ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ನಾನೂ ಮೇಡಂ ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಆಗ ಅವರಿಗೆ ಮೂವತ್ತೈದರ ಆಸುಪಾಸು. ಊರು ಚನ್ನಗಿರಿ. ಮದುವೆಯಾಗಿರಲಿಲ್ಲ; ಗಂಡ ತೀರಿಹೋಗಿದ್ದ ಅಕ್ಕನ ಜೊತೆ ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದರು. ಕೊರಳಲ್ಲಿ ಸದಾ ಕರೀ ದಾರಕ್ಕೆ ಕಟ್ಟಿದ ಮಡಚುವ ಭೂತಗನ್ನಡಿ ತೂಗುತ್ತಿತ್ತು. ಹೊಸಬರು ಅದನ್ನು ಲಿಂಗದ ಕರಡಿಗೆ ಎಂದುಕೊಂಡು ಕೈಮುಗಿದದ್ದೂ ಉಂಟು. ಮೇಡಂ ತಿದ್ದಲು ಹೋಗುತ್ತಿರಲಿಲ್ಲ. “ಕೈ ಮುಗಿಯೋರು ಮುಗೀಲಿ ಬಿಡ್ರಿ, ನಮ್ಮದೇನು ಗಂಟು ಹೋಗ್ತೈತೆ,” ಎನ್ನುತ್ತಿದ್ದರು.

ಅವರು ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಆ ಕಾಲದಲ್ಲಿ ಚನ್ನಗಿರಿಯಿಂದ ಒಬ್ಬ ಹೆಣ್ಣುಮಗಳು ಕಲ್ಲು ಓದುವುದಕ್ಕೆ ಪರಸ್ಥಳಕ್ಕೆ ಹೋದದ್ದೇ ಊರಿಗೆಲ್ಲ ಸುದ್ದಿಯಾಗಿತ್ತಂತೆ. ಓದು ಮುಗಿದ ಮೇಲೆ ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನೆಗೆ ಸೇರಿ, ಮೂರು ಬೇಸಿಗೆ ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನ ಗಣಿಗಳಲ್ಲಿ ಕಳೆದಿದ್ದರು. ಅಲ್ಲಿನ ಕಲ್ಲು ಕ್ರಿಟೇಶಿಯಸ್ ಎಂಬ ಕಾಲದ್ದು, ಆಗ ಅಲ್ಲಿ ಆಳವಿಲ್ಲದ ಕಡಲಿತ್ತು, ಅದರ ಬಸವನಹುಳುಗಳು ಕೆಸರಲ್ಲಿ ಹೂತು ಹಾಗೇ ಕಲ್ಲಾಗಿವೆ ಎಂದು ಅವರು ನನಗೆ ವಿವರಿಸಿದ್ದರು. ಅವನ್ನು ಆಯ್ದು ತಂದು ಯಾವುದು ಯಾವ ಜಾತಿಯದೆಂದು ಗುರುತಿಸುವುದು ಅವರ ಕೆಲಸ. ನಾಲ್ಕನೆಯ ವರ್ಷ ಪ್ರೊಫೆಸರು ತೀರಿಕೊಂಡರು. ಒಂಟಿ ಹೆಂಗಸನ್ನು ಗಣಿಗೆ ಕಳಿಸುವ ಜವಾಬ್ದಾರಿ ಹೊರಲು ಬೇರೆ ಯಾರೂ ಒಪ್ಪಲಿಲ್ಲ. ಮೇಡಂ ಆರು ಟ್ರಂಕುಗಳ ತುಂಬ ಕಲ್ಲು ತುಂಬಿಕೊಂಡು ಊರಿಗೆ ಬಂದರು, ಬಿ.ಎಡ್. ಮಾಡಿದರು, ಸರ್ಕಾರಿ ಹೈಸ್ಕೂಲಿನಲ್ಲಿ ನೌಕರಿ ಹಿಡಿದರು. ಮಿಕ್ಕವರಾಗಿದ್ದರೆ ಟ್ರಂಕುಗಳು ಅಟ್ಟ ಸೇರುತ್ತಿದ್ದವು. ಇವರು ಶಾಲೆ ಬಿಟ್ಟ ಮೇಲೆ ದಿನಾ ಕಲ್ಲು ಬಿಚ್ಚಿಕೊಂಡು ಕೂರುತ್ತಿದ್ದರು.

ನನ್ನನ್ನು ಆ ಕೆಲಸಕ್ಕೆ ಎಳೆದುಕೊಂಡದ್ದು ಎರಡನೆಯ ತಿಂಗಳಲ್ಲೇ. “ನಿಮ್ಮ ಗೆರೆ ಚೆನ್ನಾಗೈತೆ. ಫೋಟೋ ತೆಗಿಸಾಕೆ ನನ್ನ ಕೈಲಿ ಆಗಲ್ಲ. ಒಂದಿಷ್ಟು ಬರ್ಕೊಡ್ತೀರಾ?” ಎಂದು ಕೇಳಿದರು. ಮೊದಲ ಚಿತ್ರಕ್ಕೆ ನಾನು ನಾಲ್ಕು ಸಂಜೆ ತಗೊಂಡೆ. ಚೂಪಾದ ತುದಿಯಿಂದ ಬಾಯಿಯವರೆಗೆ ಹನ್ನೊಂದು ಸುತ್ತು, ಪ್ರತಿ ಸುತ್ತಿನ ಮೇಲೂ ಕೂದಲಿನಂಥ ಗೀರು, ನೆರಳು. ನನಗೇ ಹೆಮ್ಮೆಯಾಗಿತ್ತು. ಮೇಡಂ ಚಿತ್ರ ನೋಡಿದರು, ಕಲ್ಲು ನೋಡಿದರು.

“ತುದಿ ಎಲ್ಲೈತ್ರಿ ಇದಕ್ಕೆ?”

ಕಲ್ಲಿನ ತುದಿ ಮುರಿದಿತ್ತು. ಮೇಲಿನ ಎರಡು ಸುತ್ತು ಇರಲೇ ಇಲ್ಲ. ಇದ್ದರೆ ಹೀಗಿರುತ್ತಿತ್ತು ಎಂದು ನಾನೇ ಪೂರ್ತಿ ಮಾಡಿದ್ದೆ.

“ಮುರಿದಿದ್ದನ್ನ ಮುರಿದಂಗೇ ಬರೀರಿ ಮೇಷ್ಟ್ರೆ. ಹಿಂಗಿದ್ದಿರಬೌದು ಅನ್ನೋದು ಬೇರೆ, ಹಿಂಗೈತೆ ಅನ್ನೋದು ಬೇರೆ. ಇವೆರಡೂ ಕಲಸಿಹೋದ್ರೆ ಆಮೇಲೆ ಬಿಡಿಸಾಕೆ ಯಾರಪ್ಪನ ಕೈಲೂ ಆಗಲ್ಲ.”

ನಾಲ್ಕು ಸಂಜೆಯ ಕೆಲಸವನ್ನು ಹರಿದು ಹಾಕಿದೆ. ಆಮೇಲೆ ಏಳು ವರ್ಷ ಅವರಿಗಾಗಿ ನಾನು ಮುರಿದದ್ದನ್ನು ಮುರಿದಂತೆಯೇ ಬರೆದೆ.

ತರಗತಿಯಲ್ಲೂ ಅವರು ಹೀಗೆಯೇ. ಪರೀಕ್ಷೆಯಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಬರೆದ ಹುಡುಗಿಗೆ ಐದರಲ್ಲಿ ಒಂದು ಅಂಕ ಕೊಟ್ಟಿದ್ದರು. ಏನೇನೋ ಬರೆದು ಪುಟ ತುಂಬಿಸಿದವನಿಗೆ ಸೊನ್ನೆ. ಆ ಹುಡುಗನ ತಂದೆ, ಪೇಟೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದವರು, ಹೆಡ್‌ಮೇಷ್ಟರ ಕೋಣೆಗೆ ಬಂದು ಕೂಗಾಡಿದರು. ಹೆಡ್‌ಮೇಷ್ಟರು ಮೇಡಂ ಅವರನ್ನು ಕರೆಸಿ, “ಏನಮ್ಮಾ ಇದು, ಗೊತ್ತಿಲ್ಲ ಅಂದೋಳಿಗೆ ಮಾರ್ಕ್ಸ್ ಕೊಡೋದು ಯಾವ ನ್ಯಾಯ?” ಎಂದರು.

“ಆಕಿ ನಿಜ ಬರ್ದಾಳೆ ಸಾರ್. ಬರೆದಿದ್ದು ನಿಜ ಆದ್ರೆ ಒಂದಾದ್ರೂ ಕೊಡಬೇಕಲ್ಲ,” ಎಂದು ಮೇಡಂ ಹೊರಟು ಬಂದರು.

ಒಂದು ಸಲ ಮಕ್ಕಳನ್ನು ಬಸ್ಸಿನಲ್ಲಿ ಸೂಳೆಕೆರೆಗೆ ಕರೆದೊಯ್ದೆವು. ಬೇರೆ ಶಾಲೆಯವರು ಕೆರೆ ನೋಡಿ, ಬುತ್ತಿ ಉಂಡು, ಹಾಡು ಹೇಳಿಕೊಂಡು ವಾಪಸಾಗುತ್ತಾರೆ. ಇವರು ಮಕ್ಕಳನ್ನು ಮೊಣಕಾಲುದ್ದ ಕೆಸರಿಗಿಳಿಸಿ ಬದುಕಿರುವ ಬಸವನಹುಳು ಹುಡುಕಿಸಿದರು. ಬಲೆ ಒಣಹಾಕುತ್ತಿದ್ದ ಮೀನುಗಾರನೊಬ್ಬ ನಗುತ್ತ, “ಅವ್ನ ಬಾತುಕೋಳಿ ತಿಂತಾವ್ರಮ್ಮ, ಮನುಷ್ಯರು ತಿನ್ನಲ್ಲ,” ಎಂದ. ದಡದಲ್ಲಿ ಕೂತು ಮೇಡಂ ಒಂದು ಕೈಯಲ್ಲಿ ಕೆರೆಯ ಹುಳು, ಇನ್ನೊಂದು ಕೈಯಲ್ಲಿ ಕಲ್ಲಿನ ಹುಳು ಹಿಡಿದು ಪಾಠ ಮಾಡಿದರು. ಒಬ್ಬ ಹುಡುಗಿ ಕೇಳಿದಳು: “ಹಂಗಾದ್ರೆ ನಮ್ಮೂರಾಗೂ ಸಮುದ್ರ ಇತ್ತಾ ಮೇಡಂ? ಇಲ್ಲಿ ಅಗೆದ್ರೆ ಇವು ಸಿಗ್ತಾವಾ?”

“ಇಲ್ಲ ತಾಯಿ. ನಮ್ಮ ಕಡೆ ಕಲ್ಲು ಇದಕ್ಕಿಂತ ಬಾಳ ಬಾಳ ಹಳೇದು. ಆಗಿನ್ನೂ ಹುಳಾನೇ ಹುಟ್ಟಿರಲಿಲ್ಲ. ನೀನು ಎಷ್ಟು ಅಗೆದ್ರೂ ಒಂದೂ ಸಿಗಲ್ಲ,” ಎಂದರು. ಹುಡುಗಿಯ ಮುಖ ಬಾಡಿತು. ಸಮಾಧಾನಕ್ಕೆ ಒಂದು ಸುಳ್ಳನ್ನಾದರೂ ಹೇಳಬಹುದಿತ್ತು. ಅವರಿಗೆ ಆ ಅಭ್ಯಾಸ ಇರಲಿಲ್ಲ.

ಇನ್ನು ಆ ಒಂಬತ್ತು ಹುಳುಗಳ ಕತೆ.

ಟ್ರಂಕುಗಳಲ್ಲಿ ಸಾವಿರಕ್ಕೂ ಹೆಚ್ಚು ಕಲ್ಲುಗಳಿದ್ದವು. ಪ್ರತಿಯೊಂದರ ಮೇಲೂ ಒಂದು ಚುಕ್ಕೆ ಬಿಳೀ ಬಣ್ಣ, ಅದರ ಮೇಲೆ ಕಪ್ಪು ಮಸಿಯಲ್ಲಿ ಒಂದು ನಂಬರು. ಯಾವ ನಂಬರಿನ ಕಲ್ಲು ಯಾವ ಗಣಿಯದು, ಯಾವ ಪದರದ್ದು, ತಳದಿಂದ ಎಷ್ಟು ಅಡಿ ಮೇಲೆ ಸಿಕ್ಕಿತು, ಪಕ್ಕದಲ್ಲಿ ಇನ್ನೇನಿತ್ತು ಎಂಬುದೆಲ್ಲ ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿತ್ತು. ಗಣಿಯ ಬಿಸಿಲಲ್ಲಿ ನಿಂತು ಅಲ್ಲಲ್ಲೇ ಬರೆದದ್ದು. ಮೇಡಂ ಆ ಪುಸ್ತಕವನ್ನು ಹಾಸಿಗೆಯ ತಲೆದೆಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ಯಾರೋ ಅರಿಯಲೂರಿನ ಹುಳುಗಳ ಬಗ್ಗೆ ದೊಡ್ಡ ಗ್ರಂಥ ಬರೆದಿದ್ದರಂತೆ. ಅದರ ಚಿತ್ರಗಳನ್ನೆಲ್ಲ ಮೇಡಂ ಲೈಬ್ರರಿಯಲ್ಲಿ ಕೂತು ಬಟರ್ ಪೇಪರಿನ ಮೇಲೆ ಇಳಿಸಿಕೊಂಡು ಬಂದಿದ್ದರು. ಒಂದೊಂದೇ ಕಲ್ಲನ್ನು ಆ ಚಿತ್ರಗಳ ಜೊತೆ ಇಟ್ಟು ಹೋಲಿಸುವುದು, ಸುತ್ತು ಎಣಿಸುವುದು, ಗ್ರಾಮಫೋನಿನ ಹಳೇ ಮುಳ್ಳಿನಿಂದ ಗೀರುಗಳ ಸಂದಿನ ಮಣ್ಣು ಕೆದರುವುದು. ಹೆಚ್ಚಿನವು ಯಾವುದಾದರೂ ಹೆಸರಿಗೆ ಹೊಂದಿದವು. ಒಂಬತ್ತು ಹೊಂದಲಿಲ್ಲ.

ಹೊರಗಿನಿಂದ ಅವು ಉಳಿದವುಗಳಂತೆಯೇ ಇದ್ದವು, ಗೀರುಗಳು ಮಾತ್ರ ಕೊಂಚ ಒತ್ತಾಗಿದ್ದವು. ಹೆಸರು ನಿರ್ಧರಿಸುವ ವ್ಯತ್ಯಾಸ ಒಳಗೆ. ಆ ಬಗೆಯ ಹುಳುಗಳ ಚಿಪ್ಪಿನ ಒಳಗೋಡೆಯಲ್ಲಿ ಮಡಿಕೆಗಳಿರುತ್ತವೆ. ಎಷ್ಟು ಮಡಿಕೆ, ಎಲ್ಲೆಲ್ಲಿ ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ಅದನ್ನು ನೋಡಬೇಕಾದರೆ ಕಲ್ಲನ್ನು ಗಾಜಿನ ಹಲಗೆಯ ಮೇಲೆ ಸಾಣೆಪುಡಿ ಹಾಕಿ ಉದ್ದುದ್ದಕ್ಕೆ ಅರ್ಧ ತೇಯಬೇಕು. ಹೋದ ಅರ್ಧ ಹೋದಂತೆಯೇ. ಮೇಡಂ ಮೊದಲನೆಯದನ್ನು ತೇಯಲು ಒಂದು ವರ್ಷ ಹಿಂದೆಮುಂದೆ ನೋಡಿದರು. ಒಂದು ಭಾನುವಾರ ಬೆಳಗ್ಗೆ ಕೂತು ತೇದೇಬಿಟ್ಟರು. ಸಂಜೆ ನನ್ನನ್ನು ಕರೆಸಿ ಭೂತಗನ್ನಡಿಯನ್ನು ಕೊರಳಿಂದ ಬಿಚ್ಚಿ ಕೈಗೆ ಕೊಟ್ಟರು.

“ಎಣಿಸ್ರಿ. ನಾನು ಏನೂ ಹೇಳಲ್ಲ. ನೀವೇ ಎಣಿಸ್ರಿ.”

ನಾನು ಐದು ಎಂದೆ.

“ಬ್ರಿಟಿಷರ ಪುಸ್ತಕದಾಗೆ ನಾಕು,” ಎಂದರು. “ಒಂದರಾಗೆ ಐದು ಇದ್ರೆ ಅದು ಅಂಗವಿಕಲ ಇರಬೌದು. ಇನ್ನೂ ಎರಡು ತೇದು ನೋಡ್ತೀನಿ.” ಆ ಎರಡರಲ್ಲೂ ಐದೇ ಇದ್ದವು.

ಮೂರನೆಯದರಲ್ಲೂ ಐದು ಕಂಡ ದಿನ ಅಕ್ಕ ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದರು. ಮೇಡಂ ತಿನ್ನುತ್ತ ಇದ್ದಕ್ಕಿದ್ದಂತೆ ಮಾತಿಗಿಳಿದರು. ಆ ಜಾತಿಯ ಮೊದಲ ಹುಳುವನ್ನು ಕಂಡದ್ದು ತಾನಲ್ಲ, ಗಣಿಯಲ್ಲಿ ಕಲ್ಲು ಒಡೆಯುವ ಒಬ್ಬ ಹೆಂಗಸು. ಸುತ್ತಿಗೆ ಬೀಸುವುದನ್ನು ನಿಲ್ಲಿಸಿ, ಅದನ್ನು ಸೀರೆಯ ಅಂಚಿನಲ್ಲಿ ಕಟ್ಟಿಟ್ಟು, ಸಂಜೆ ತಂದುಕೊಟ್ಟಳು. ಹೊಸ ಜಾತಿಗೆ ಆಕೆಯ ಹೆಸರನ್ನೇ ಇಡಬೇಕು ಎಂದರು.

“ಆಕೆ ಹೆಸರೇನು?” ಎಂದು ಕೇಳಿದೆ.

“ಅಚ್ಚಾಗೋ ತನಕ ಬಾಯಿ ಬಿಡಬಾರದು. ಅದು ನಮ್ಮ ಕಸುಬಿನ ಪದ್ಧತಿ,” ಎಂದು ನಕ್ಕರು. ಅವರು ಅಷ್ಟು ಬಾಯಿ ತುಂಬ ನಕ್ಕದ್ದನ್ನು ನಾನು ಅದೊಂದೇ ಸಲ ಕಂಡದ್ದು. ಹೆಸರನ್ನು ಅವರು ಮುಂದೆಯೂ ಹೇಳಲಿಲ್ಲ.

ತೀರಿಕೊಂಡ ಪ್ರೊಫೆಸರ ಜಾಗಕ್ಕೆ ಬಂದಿದ್ದವರಿಗೆ ಮೇಡಂ ಕಾಗದ ಬರೆದರು. ಕಾಲೇಜು ಯಾವುದೆಂದು ಹೇಳುವುದಿಲ್ಲ. ಹೇಳಿದರೂ ಈಗ ಉಪಯೋಗವಿಲ್ಲ. ಆತ ಒಳ್ಳೆಯವರೇ ಇರಬೇಕು. ಮೂರು ಕಾಗದಗಳನ್ನು ಪ್ರೀತಿಯಿಂದ ಬರೆದರು. ಮೂರನೆಯದರಲ್ಲಿ, ಒಂಬತ್ತೂ ಹುಳುಗಳನ್ನು ಕಳಿಸಿ, ನಮ್ಮಲ್ಲಿರುವುದರ ಜೊತೆ ಹೋಲಿಸಿ ನೋಡಿ ಇಬ್ಬರೂ ಕೂಡಿ ಲೇಖನ ಬರೆಯೋಣ, ಸಿಕ್ಕಿದ ಜಾಗದ ವಿವರವೂ ಬೇಕು, ಮುಂದಿನ ತಿಂಗಳ ಭೂಗರ್ಭಶಾಸ್ತ್ರಜ್ಞರ ಸಭೆಗೆ ಮೊದಲೇ ಕೈಸೇರಲಿ ಎಂದಿತ್ತು.

ಮೇಡಂ ನೋಟ್‌ಬುಕ್ಕಿನ ನಕಲು ಮಾಡತೊಡಗಿದರು. ಅದೇ ಸಮಯಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ, ಅಕ್ಕನಿಗೆ ಜ್ವರ. ಹತ್ತು ದಿನದಲ್ಲಿ ಮೊದಲ ಹನ್ನೆರಡು ಪುಟವಾಯಿತು; ಆ ಒಂಬತ್ತು ಹುಳುಗಳ ಪುಟ ಇನ್ನೂ ದೂರವಿತ್ತು. ಅವರ ನಕಲೂ ಅಷ್ಟು ನಿಧಾನ. ಗಣಿಯಲ್ಲಿ ಗೀಚಿದ್ದ ಗೆರೆಗಳನ್ನೂ ಅಳತೆ ಹಿಡಿದು ಇಳಿಸುತ್ತಿದ್ದರು.

“ಅಸಲನ್ನೇ ಕಳಿಸಿಬಿಡಿ ಮೇಡಂ,” ಎಂದೆ ನಾನು. “ದೊಡ್ಡ ಕಾಲೇಜು. ಅಲ್ಲಿ ಎಲ್ಲಿಗೆ ಹೋಗುತ್ತೆ? ಕೆಲಸ ಮುಗಿದ ಮೇಲೆ ವಾಪಸ್ ಕಳಿಸ್ತಾರೆ.”

ಅವರು ಪೆನ್ನು ಕೆಳಗಿಟ್ಟರು. “ಹಂಗಂತೀರಾ?” ಎಂದು ಎರಡು ಸಲ ಕೇಳಿದರು. ಎರಡು ಸಲವೂ ನಾನು ಹೂಂ ಎಂದೆ.

ನಾನೇ ಆಚಾರಿಯ ಹತ್ತಿರ ಹೋಗಿ ಪೆಟ್ಟಿಗೆ ಮಾಡಿಸಿದೆ. ಒಂಬತ್ತು ಹುಳುಗಳನ್ನು ಹತ್ತಿಯಲ್ಲಿ ಸುತ್ತಿ, ನೋಟ್‌ಬುಕ್ಕನ್ನು ಅಡಿಗಿಟ್ಟು, ಮೊಳೆ ಹೊಡೆದು, ನಾನೇ ಶಿವಮೊಗ್ಗಕ್ಕೆ ಒಯ್ದು ರೈಲ್ವೆ ಪಾರ್ಸಲ್ ಮಾಡಿದೆ. ರಸೀದಿ ತಂದುಕೊಟ್ಟಾಗ ಮೇಡಂ ಅದನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಪೆಟ್ಟಿಗೆ ತಲುಪಿದೆ ಎಂದು ಒಂದು ಕಾರ್ಡು ಬಂತು. ಆಮೇಲೆ ಏನೂ ಬರಲಿಲ್ಲ. ಮೇಡಂ ಬರೆದ ಕಾಗದಗಳಿಗೆ ಉತ್ತರವಿಲ್ಲ. ಆರು ತಿಂಗಳಾಯಿತು, ವರ್ಷವಾಯಿತು. ರಿಜಿಸ್ಟರ್ ಕಾಗದ ಹಾಕಿದರೆ ಅದರ ಸ್ವೀಕೃತಿ ಚೀಟಿ ಮಾತ್ರ, ಯಾರದೋ ಓದಲಾಗದ ರುಜು ಹೊತ್ತು, ಹಿಂತಿರುಗುತ್ತಿತ್ತು. ಟಪಾಲಿನವನು ಶಾಲೆಯ ಗೇಟಿಗೆ ಬಂದಾಗಲೆಲ್ಲ ಮೇಡಂ ಪಾಠ ನಿಲ್ಲಿಸದೆಯೇ ಕಿಟಕಿಯತ್ತ ತಿರುಗುವುದನ್ನು ನಾನು ಪಕ್ಕದ ತರಗತಿಯಿಂದ ಕಾಣುತ್ತಿದ್ದೆ. ಎರಡನೆಯ ವರ್ಷದ ದಸರಾ ರಜೆಯಲ್ಲಿ, “ಹೋಗಿ ನೋಡಿಬರೋಣ ಬರ್ರಿ,” ಎಂದರು. ಗಂಡಸು ಹೆಂಗಸು ಇಬ್ಬರೇ ಹೋದರೆ ಊರವರ ಬಾಯಿಗೆ ಆಹಾರವಾಗುತ್ತದೆಂದು ಅಕ್ಕನೂ ಹೊರಟರು.

ಕಾಲೇಜಿನಲ್ಲಿ ಆ ಪ್ರೊಫೆಸರು ಇರಲಿಲ್ಲ. ಪೆಟ್ಟಿಗೆ ಬಂದ ಎರಡೇ ತಿಂಗಳಿಗೆ ಬೇರೆ ನೌಕರಿ ಸಿಕ್ಕಿ ದೇಶಾಂತರ ಹೋಗಿದ್ದರು. ಅವರ ಕೋಣೆಯಲ್ಲಿ ಈಗ ಬೇರೆಯವರು. ಇಲಾಖೆಯನ್ನು ಹೊಸ ಕಟ್ಟಡಕ್ಕೆ ಬದಲಾಯಿಸುವಾಗ ಹಳೆಯ ಕಾಗದಪತ್ರವನ್ನೆಲ್ಲ ತೂಕಕ್ಕೆ ಹಾಕಲಾಯಿತೆಂದು ಗುಮಾಸ್ತರು ಹೇಳಿದರು. ಕಲ್ಲುಗಳೋ? ಕಲ್ಲನ್ನು ಯಾರೂ ಕೊಳ್ಳುವುದಿಲ್ಲವಲ್ಲ. ಅವು ಪ್ರಾಕ್ಟಿಕಲ್ ಕೋಣೆಯಲ್ಲಿರಬೇಕು.

ಅಲ್ಲಿದ್ದವು. ಉದ್ದನೆಯ ಮೇಜಿನ ಮೇಲೆ ಮರದ ತಟ್ಟೆಗಳಲ್ಲಿ ನೂರಾರು ಹುಳುಗಳು, ಬಿ.ಎಸ್ಸಿ. ವಿದ್ಯಾರ್ಥಿಗಳ ಪರೀಕ್ಷೆಗೆಂದು ಜೋಡಿಸಿಟ್ಟವು. ಅಟೆಂಡರನೊಬ್ಬ ಎಲ್ಲವನ್ನೂ ಸೋಡಾ ನೀರಲ್ಲಿ ಉಜ್ಜಿ ತೊಳೆದು, ಹಳೆಯ ನಂಬರು ಅಳಿಸಿ, ಒಂದರಿಂದ ಶುರುಮಾಡಿ ಹೊಸ ಚೀಟಿ ಅಂಟಿಸಿದ್ದ. ಅವನದು ತಪ್ಪಲ್ಲ. ಅವನಿಗೆ ಹೇಳಿದ್ದನ್ನು ಅವನು ಅಚ್ಚುಕಟ್ಟಾಗಿ ಮಾಡಿದ್ದ.

ಮೇಡಂ ತಟ್ಟೆಗಳ ಮುಂದೆ ನಿಂತರು. ಒಂದೊಂದನ್ನೇ ಎತ್ತಿ, ನಾಲಿಗೆ ತಾಗಿಸಿ, ನೋಡಿ, ಕೆಳಗಿಟ್ಟರು. ಬಾಗಿಲಲ್ಲಿ ಇಬ್ಬರು ಹುಡುಗರು ಕಿಸಕ್ಕೆಂದರು. ಒಂದು ಗಂಟೆಯಲ್ಲಿ ಒಂಬತ್ತನ್ನೂ ಆರಿಸಿ ಸಾಲಾಗಿ ಇಟ್ಟರು. ತೇದ ಮೂರನ್ನು ಯಾರಾದರೂ ಆರಿಸಬಹುದಿತ್ತು. ತೇಯದ ಆರನ್ನೂ ಆರಿಸಿದರು. ನಾನು ತಂದಿದ್ದ ನನ್ನ ಚಿತ್ರಗಳ ಜೊತೆ ಹೋಲಿಸಿದೆ. ಒಂದೂ ತಪ್ಪಿರಲಿಲ್ಲ.

ಈಗಿನ ಮುಖ್ಯಸ್ಥರು ಸೌಜನ್ಯದವರು. ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ನೀವು ಹೇಳುವುದು ನಿಜವಿರಬಹುದು, ನನಗೆ ಅನುಮಾನವಿಲ್ಲ, ಬೇಕಾದರೆ ತೆಗೆದುಕೊಂಡು ಹೋಗಿ, ಆದರೆ ಯಾವ ಪದರದ್ದೆಂದು ಬರಹವಿಲ್ಲದ ಕಲ್ಲಿನ ಮೇಲೆ ಹೊಸ ಜಾತಿಯನ್ನು ಯಾರೂ ಒಪ್ಪುವುದಿಲ್ಲ, ಅದು ನಿಮಗೇ ಗೊತ್ತು.

“ಗೊತ್ತು,” ಎಂದರು ಮೇಡಂ. ಒಂಬತ್ತನ್ನೂ ಎತ್ತಿ ಒಂದೊಂದಾಗಿ ಆಯಾ ತಟ್ಟೆಗೇ ವಾಪಸ್ ಇಟ್ಟರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, “ಏನಂದ್ರು? ಕೊಟ್ರೇನೇ?” ಎಂದು ಕೇಳಿದರು.

“ಕೊಡ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ. ಇಲ್ಲಿದ್ರೆ ಹುಡುಗ್ರು ಮುಟ್ಟಿಯಾದ್ರೂ ನೋಡ್ತಾರೆ.”

“ಇದಕ್ಕಾ ಎಲ್ಡು ದಿನ ರೈಲಾಗೆ ಕೂರಿಸ್ಕೊಂಡು ಬಂದಿದ್ದು?” ಎಂದ ಅಕ್ಕ, ತಂಗಿಯ ಮುಖ ನೋಡಿ ಮಾತು ನಿಲ್ಲಿಸಿದರು.

ಕಳೆದುಹೋದದ್ದು ಒಂಬತ್ತು ಮಾತ್ರವಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಊರಿಗೆ ಬಂದ ಮೇಲೆ. ಆರು ಟ್ರಂಕಿನಲ್ಲಿದ್ದ ಪ್ರತಿಯೊಂದು ಕಲ್ಲಿನ ಮೇಲೂ ನಂಬರು ಇತ್ತು. ಆ ನಂಬರಿನ ಅರ್ಥವೆಲ್ಲ ಆ ಒಂದೇ ಪುಸ್ತಕದಲ್ಲಿತ್ತು. ಹನ್ನೆರಡು ಪುಟದ ನಕಲು ಬಿಟ್ಟರೆ ಮಿಕ್ಕ ಕಲ್ಲುಗಳಿಗೆಲ್ಲ ಊರಿಲ್ಲ, ಕೇರಿಯಿಲ್ಲ.

ಮೇಡಂ ಒಂದು ಹೊಸ ನೋಟ್‌ಬುಕ್ಕು ತಂದು ನೆನಪಿನಿಂದ ಬರೆಯತೊಡಗಿದರು. ಸುಮಾರು ನಲವತ್ತು ಕಲ್ಲುಗಳಷ್ಟು ಬರೆದರು. ಒಂದು ಸಂಜೆ ನಾನು ಹೋದಾಗ ಆ ಪುಟಗಳನ್ನು ಹರಿದು ಒಲೆಗೆ ಹಾಕುತ್ತಿದ್ದರು.

“ಯಾಕೆ ಮೇಡಂ?”

“ಮೂವತ್ತೈದು ಸರಿಯಾಗಿ ನೆನಪೈತೆ. ಐದು ಹಂಗೇ ಹೊಂದಿಸಿ ಬರೆದೆ ಅನಿಸ್ತು. ಯಾವ ಐದು ಅಂತ ಈಗ ನಂಗೇ ಗೊತ್ತಾಗವಲ್ದು.”

“ಅರಿಯಲೂರಿಗೇ ಇನ್ನೊಂದ್ಸಲ ಹೋದರೆ? ಹೊಸದಾಗಿ ಆರಿಸಿಕೊಂಡು ಬಂದರೆ?”

“ಆ ಪದರ ಎಲ್ಲೈತ್ರಿ ಈಗ? ನಾವು ಬರುವಾಗ್ಲೇ ಅರ್ಧ ಕಡಿದಿದ್ರು. ಇಷ್ಟೊತ್ತಿಗೆ ಸಿಮೆಂಟಾಗಿ, ಯಾರ್ದೋ ಮನೆ ಆಗಿರ್ತೈತೆ, ಸೇತುವೆ ಆಗಿರ್ತೈತೆ.” ಕೊನೆಯ ಹಾಳೆಯನ್ನು ಕಡ್ಡಿಯಿಂದ ಒಳಗೆ ತಳ್ಳಿದರು. “ಹುಳಾ ತಂದುಕೊಟ್ಟಳಲ್ಲ, ಆಕೀನೇ ಅದನ್ನ ಒಡೆದಿರ್ತಾಳೆ. ಆಕಿ ಕೆಲಸಾನೇ ಅದಲ್ಲ.”

ಅದಾದ ಮೇಲೆ ಅವರು ಟ್ರಂಕುಗಳನ್ನು ತೆರೆದದ್ದನ್ನು ನಾನು ನೋಡಲಿಲ್ಲ. ಬೇರೆ ಯಾವುದೂ ಬದಲಾಗಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಪಾಠ ಮಾಡುತ್ತಿದ್ದರು, ನಿಜ ಬರೆದವರಿಗೆ ಒಂದು ಅಂಕ ಕೊಡುತ್ತಿದ್ದರು. ಭೂತಗನ್ನಡಿ ಕೊರಳಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟು ಗೋಡೆಯ ಕಡೆ ಕೂರತೊಡಗಿದ್ದರು, ಅಷ್ಟೆ.

ಎಂಬತ್ತರ ದಶಕದ ಮೊದಲಲ್ಲಿ ಬಡ್ತಿ ಕೊಟ್ಟು ಅವರನ್ನು ಜಗಳೂರಿಗೆ ಹೆಡ್‌ಮಿಸ್ಟ್ರೆಸ್ ಆಗಿ ಹಾಕಿದರು. ಲಾರಿಗೆ ಟ್ರಂಕು ಏರಿಸುವಾಗ ಹಮಾಲರು ಬೈದುಕೊಂಡರು. ನನಗೆ ಹೊನ್ನಾಳಿಗೆ ವರ್ಗವಾಯಿತು. ನಮ್ಮ ನಡುವೆ ಯುಗಾದಿಗೊಂದು, ದೀಪಾವಳಿಗೊಂದು ಕಾರ್ಡು, ಅಷ್ಟೇ ಉಳಿಯಿತು.

ಒಮ್ಮೆ ಮಾತ್ರ ಜಗಳೂರಿಗೆ ಹೋದೆ. ಹೋದದ್ದು ಒಂದೇ ಮಾತು ಹೇಳಲಿಕ್ಕೆ. ಬಿಸಿಲಲ್ಲಿ ಊರು ಸುಡುತ್ತಿತ್ತು. ಮನೆಯ ನಡುಮನೆಯಲ್ಲಿ ಟ್ರಂಕುಗಳು ಎರಡು ಸಾಲಾಗಿದ್ದವು. ಅಕ್ಕ ಅವುಗಳ ಮೇಲೆ ಹಾಸಿಗೆ ಸುತ್ತಿಟ್ಟು, ಜೋಳದ ಚೀಲ ಪೇರಿಸಿದ್ದರು. ಮೇಡಂ ಬಹಳ ಇಳಿದುಹೋಗಿದ್ದರು. ಚಹಾ ಕುಡಿದ ಮೇಲೆ ನಾನು ಬಾಯಿ ತೆರೆದೆ.

“ಮೇಡಂ, ಅವತ್ತು ಆ ಪುಸ್ತಕ ಕಳಿಸಿ ಅಂತ ನಾನು ಹೇಳಬಾರದಿತ್ತು.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

“ನೀವು ಹೇಳಿದ್ರಿ. ಕಳಿಸಿದ್ದು ನಾನು,” ಎಂದರು. “ಎರಡು ಸಲ ಕೇಳಿದ್ನಲ್ಲ ನಿಮ್ಮನ್ನ, ಆಗ್ಲೇ ನನ್ನ ಒಳಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸ್ದೆ. ಆಸೆ ಬಂದ್ಬಿಟ್ಟಿತ್ರಿ ನಂಗೆ.” ಆಮೇಲೆ ಶಾಲೆಯ ಹಾಜರಿ, ಸೋರುವ ಕೋಣೆ, ಬಾರದ ಕನ್ನಡ ಪಂಡಿತರು, ಇವುಗಳ ಮಾತು. ಬಸ್ಸಿನವರೆಗೆ ಬಂದು ಕಳಿಸಿಕೊಟ್ಟರು. ಅದೇ ಕಡೆಯ ಭೇಟಿ.

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಅವರ ಶಾಲೆಯ ಜವಾನ, ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅಕಸ್ಮಾತ್ತಾಗಿ ಸಿಕ್ಕಿ. ಹೊಟ್ಟೆಯಲ್ಲಿ ಗಡ್ಡೆಯಂತೆ. ಡಾಕ್ಟರು ಕೈಚೆಲ್ಲಿದ ಮೇಲೆ ನಾಲ್ಕು ತಿಂಗಳು ಇದ್ದರಂತೆ. ತೀರಿಕೊಂಡು ಆಗಲೇ ಮೂರು ವಾರ ಕಳೆದಿತ್ತು. ಮಾರನೆಯ ಬೆಳಗ್ಗೆ ಜಗಳೂರಿನ ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ಅತ್ತರು, ನೀರು ಕೊಟ್ಟರು, ಮತ್ತೆ ಅತ್ತರು. ನಡುಮನೆ ಖಾಲಿಯಾಗಿತ್ತು. ಟ್ರಂಕುಗಳಿದ್ದ ಜಾಗದ ನೆಲ ಬೇರೆ ಬಣ್ಣಕ್ಕಿತ್ತು.

“ಟ್ರಂಕು ಎಲ್ಲಿ ಅಕ್ಕಾ? ಕಾಲೇಜಿಗೇನಾದರೂ ಕಳಿಸಿದಿರಾ?”

“ಸುಟ್ಟಳು ಮೇಷ್ಟ್ರೆ,” ಎಂದರು ಅಕ್ಕ.

ನನಗೆ ಅರ್ಥವಾಗಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: “ದವಾಖಾನೆಯಿಂದ ಬಂದ ಮರುವಾರ. ಊರಾಚೆ ಸುಣ್ಣದ ಭಟ್ಟಿ ಐತಲ್ಲ, ಆ ಸುಣ್ಣಗಾರನ್ನ ಕರೆಸಿದ್ಲು. ಗಾಡಿ ತಂದ. ಒಯ್ದು ಭಟ್ಟಿಗೆ ಹಾಕಿಸಿದ್ಲು. ನಾನು ಬಡ್ಕೊಂಡೆ, ಯಾಕವ್ವಾ, ಇಷ್ಟು ವರ್ಷ ಕಾದು ಇಟ್ಕೊಂಡಿದ್ದು, ಬ್ಯಾಡಾದ್ರೆ ಹಿತ್ತಲಾಗೆ ಸುರಿ, ಮಳಿಗೆ ಬಿದ್ದಿರ್ತಾವೆ ಅಂತ. ಕೇಳಲಿಲ್ಲ.”

“ಏನಂದರು?”

“ಹಿತ್ತಲಾಗೆ ಹಾಕಬಾರದು ಅಕ್ಕಾ, ನಾವು ಹೋದ ಮೇಲೆ ಯಾರಾದ್ರೂ ಪಾಯ ಅಗೆಯೋರಿಗೆ ಸಿಗ್ತಾವೆ. ಜಗಳೂರಾಗೆ ಸಮುದ್ರ ಇತ್ತು ಅಂತ ತಿಳ್ಕಂತಾರೆ. ಇರಲಿಲ್ಲ ಇಲ್ಲಿ. ಅಂದ್ಲು.”

ಅಕ್ಕ ಮತ್ತೆ ಕಾಳಿನ ಮೊರ ಎಳೆದುಕೊಂಡರು, ಕೈ ಆಡಲಿಲ್ಲ. “ಎರಡು ದಿನ ಭಟ್ಟಿ ಹತ್ರಾನೇ ಕುರ್ಚಿ ಹಾಕಿಸ್ಕೊಂಡು ಕುಂತ್ಲು. ನಿಲ್ಲಾಕೆ ಶಕ್ತಿ ಇರ್ಲಿಲ್ಲ. ಬೇಯದೇ ಉಳಿದ ಕಲ್ಲನ್ನೆಲ್ಲ ಇನ್ನೊಂದ್ಸಲ ಹಾಕಿಸಿದ್ಲು. ಸುಣ್ಣಗಾರ ನನ್ನ ಕೇಳ್ದ, ಅಮ್ಮಾವ್ರಿಗೆ ಏನಾಗೈತ್ರಿ ಅಂತ. ನಾನೇನು ಹೇಳ್ಲಿ?”

ಸುಣ್ಣ ಏನಾಯಿತೆಂದು ಕೇಳಿದೆ. ಶಾಲೆಗೆ ಕೊಟ್ಟರಂತೆ. ಬೇಸಿಗೆ ರಜೆಯಲ್ಲಿ ಗೋಡೆಗಳಿಗೆ ಬಳಿದರಂತೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಶಾಲೆಯ ಕಡೆ ನಡೆದೆ. ಭಾನುವಾರ, ಗೇಟಿಗೆ ಬೀಗ. ಆ ವರ್ಷ ಜಗಳೂರಿನಲ್ಲೂ ಮಳೆ ಜೋರಾಗಿ ಹೊಡೆದಿತ್ತು. ಪಡುವಣ ಗೋಡೆಯ ಸುಣ್ಣವೆಲ್ಲ ತೊಳೆದುಹೋಗಿ ಇಟ್ಟಿಗೆ ಕಾಣುತ್ತಿತ್ತು. ಉಳಿದ ಮೂರು ಗೋಡೆಗಳು ಬೆಳ್ಳಗಿದ್ದವು. ಕಂಪೌಂಡಿನ ಹೊರಗೇ ಒಂದು ಸುತ್ತು ಬಂದು ನೋಡಿದೆ. ಆಮೇಲೆ ಬಸ್ಸು ಬಂತು.